ಪುಕ್ಕಟೆ ಕರೆಯ ಮೋಹ

ಹೋದ ತಿಂಗಳು ರಬಾಳೆಯಲ್ಲಿ ನಮ್ಮವರೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟದ ಪಂಕ್ತಿಯಲ್ಲಿ ಮಿತ್ರರೊಬ್ಬರು, ‘ಊರಿನ ಹಳೆಯ ಫೋನು ಕಿತ್ತು ಹಾಕಿಸಿದೆ ಮಾರಾಯ್ರೆ. ಈಗ ಎಲ್ಲ ಇಂಟರ್‌ನೆಟ್ಟಿನಲ್ಲೇ, ಮಾತು ಪುಕ್ಕಟೆ’ ಎಂದು ಸಾರಿದರು. ಸುತ್ತಲಿದ್ದವರು ತಲೆದೂಗಿದರು. ಪಂಕ್ತಿಯಲ್ಲಿ ವಾದ ಬೇಡವೆಂದು ಸುಮ್ಮನಿದ್ದೆ. ಈಗ ಬರೆಯುತ್ತಿದ್ದೇನೆ.

ಪುಕ್ಕಟೆ ಎಂಬುದೇ ಮೊದಲ ಸುಳ್ಳು. ತಿಂಗಳ ಇಂಟರ್‌ನೆಟ್ಟಿನ ಹಣ ಕಟ್ಟುವವರು ಯಾರು? ಇರಲಿ, ಅದು ಸಣ್ಣ ಮಾತು. ದೊಡ್ಡ ಮಾತೆಂದರೆ, ಫೋನನ್ನು ಆರಿಸುವವರು ನಾವು. ಅದನ್ನು ನಂಬಿಕೊಂಡಿರುವವರು ಊರಿನಲ್ಲಿರುವ ಮುದುಕರು.

ಬಿ.ಎಸ್ಸಿ. ಓದಿ ಗುಮಾಸ್ತನಾದವನ ವಿಜ್ಞಾನವೆಂದು ನಕ್ಕರೂ ಸರಿ, ಹೇಳಿಬಿಡುತ್ತೇನೆ. ಹಳೆಯ ತಾಮ್ರದ ತಂತಿ ಮಾತನ್ನಷ್ಟೇ ಅಲ್ಲ, ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಸುಮಾರು 48 ವೋಲ್ಟಿನ ವಿದ್ಯುತ್ತನ್ನೂ ಮನೆಗೆ ತರುತ್ತಿತ್ತು. ಊರೆಲ್ಲ ಕತ್ತಲಾದಾಗಲೂ ಆ ಕರಿಯ ಫೋನು ಗಣಗಣಿಸುತ್ತಿದ್ದುದು ಅದರಿಂದಲೇ. ಈಗಿನ ಫೈಬರು ಗಾಜಿನ ಎಳೆ. ಅದು ಬೆಳಕನ್ನು ತರುತ್ತದೆಯೇ ಹೊರತು ಕರೆಂಟನ್ನಲ್ಲ. ಗೋಡೆಯ ಮೇಲಿನ ಪೆಟ್ಟಿಗೆಗೆ ಮನೆಯ ಕರೆಂಟೇ ಬೇಕು. ಅದು ಹೋಯಿತೋ, ಪೆಟ್ಟಿಗೆಯೂ ಸತ್ತಿತು, ಅದಕ್ಕೆ ಸಿಕ್ಕಿಸಿದ ಫೋನೂ ಸತ್ತಿತು.

ನನ್ನ ತಾಯಿ ಬೈಂದೂರಿನ ಕಡೆ ಒಬ್ಬರೇ ಇದ್ದಾರೆ. ಎರಡು ವರ್ಷದ ಹಿಂದೆ, ಆಷಾಢದ ಒಂದು ರಾತ್ರಿ, ಬಚ್ಚಲಲ್ಲಿ ಜಾರಿ ಬಿದ್ದರು. ಕರೆಂಟು ಸಂಜೆಯೇ ಹೋಗಿತ್ತು. ತೆವಳಿಕೊಂಡು ಹೋಗಿ ಫೋನು ಎತ್ತಿದರೆ ಸದ್ದೇ ಇಲ್ಲ. ಬೆಳಿಗ್ಗೆ ಹಾಲು ತರುವ ಹುಡುಗ ಬರುವ ತನಕ ಅಲ್ಲೇ ಬಿದ್ದಿದ್ದರು. ಫೈಬರು ಹಾಕಿಸಿದವನು ನಾನೇ. ಜೋಡಿಸಲು ಬಂದವರು ವೇಗ, ಸಿನಿಮಾ, ಕ್ರಿಕೆಟ್ಟು ಎಲ್ಲವನ್ನೂ ಬಣ್ಣಿಸಿದರು, ಇದೊಂದನ್ನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಸಿಟ್ಟು ಅವರ ಮೇಲೆ ಎಷ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ.

ಅದು ಹಳ್ಳಿಯ ಪಾಡು, ನಮಗೇನು ಎನ್ನಬೇಡಿ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಮುಂಬಯಿ, ಠಾಣೆ, ನವಿಮುಂಬಯಿಗಳಲ್ಲಿ ಕರೆಂಟು ಹೋಗಿ ಲೋಕಲ್ ರೈಲುಗಳೇ ನಿಂತದ್ದು ಮರೆತುಹೋಯಿತೇ?

ವೇಗದ ಜಾಹೀರಾತೂ ಅಂಥದೇ. ಒಂದು ಮಾತಿನ ಕರೆಗೆ ಸೆಕೆಂಡಿಗೆ 100 ಕಿಲೋಬಿಟ್ ಧಾರಾಳ. ಅದಕ್ಕಾಗಿ 300 ಮೆಗಾಬಿಟ್ ಮಾರುವುದೆಂದರೆ ಒಂದು ಚೊಂಬು ನೀರು ಕೇಳಿದವರಿಗೆ ಕೆರೆಯನ್ನೇ ಬರೆದುಕೊಟ್ಟಂತೆ. ಇಲ್ಲಿ ದನಿಯನ್ನು ಸೆಕೆಂಡಿನ ಐವತ್ತರಲ್ಲಿ ಒಂದು ಪಾಲಿನಷ್ಟು ಸಣ್ಣ ಚೂರುಗಳಾಗಿ ಕತ್ತರಿಸಿ ಕಳಿಸಲಾಗುತ್ತದೆ. ತೀರ ತಡವಾಗಿ ಬಂದ ಚೂರಿಗೆ ಬೆಲೆಯಿಲ್ಲ, ಅದನ್ನು ಬಿಟ್ಟುಬಿಡುತ್ತಾರೆ. ಮಾತು ತುಂಡಾಗುವುದು ಹೀಗೆ. ಆದ್ದರಿಂದ ಕೇಳಬೇಕಾದದ್ದು ವೇಗ ಎಷ್ಟು ಎಂದಲ್ಲ, ಸಾಲು ಎಷ್ಟು ಸಲ ಕಡಿಯುತ್ತದೆ ಎಂದು. ಅದೂ ಮಾರುವವನನ್ನಲ್ಲ, ಪಕ್ಕದ ಮನೆಯವರನ್ನು.

ಇನ್ನು ವಾಟ್ಸಾಪಿನ ಕರೆ. ಎರಡೂ ಕಡೆ ಇಂಟರ್‌ನೆಟ್ಟಿದ್ದರಷ್ಟೇ ಅದು ಫೋನು. 112ಕ್ಕೆ ಅದರಿಂದ ಕರೆ ಹೋಗದು. ಮೊಮ್ಮಕ್ಕಳ ಮುಖ ನೋಡಲು ಬಹಳ ಚೆನ್ನ, ಒಪ್ಪುತ್ತೇನೆ. ಆದರೆ ‘ಅಮ್ಮನಿಗೆ ಒತ್ತುವುದಕ್ಕೇ ಬರುವುದಿಲ್ಲ’ ಎಂದು ರೇಗುವ ಮಕ್ಕಳನ್ನು ಕಂಡರೆ ನನಗೆ ರೇಗುತ್ತದೆ. ಗುಂಡಿಯೊತ್ತುವ ಸಾದಾ ಮೊಬೈಲು ಇಟ್ಟುಕೊಂಡವರಿಗೆ ಡೇಟಾ ಇಲ್ಲದ, ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರದ ರೀಚಾರ್ಜು ಇರಲೇಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ಕಟ್ಟಳೆ ಮಾಡಿತು. ಎಷ್ಟು ಜನ ಅದನ್ನು ಕೇಳಿ ಹಾಕಿಸಿದ್ದೇವೆ?

ಫೈಬರೇ ಬೇಡ ಎನ್ನುವವನಲ್ಲ ನಾನು. ಅದರಲ್ಲಿ ದನಿ ಸ್ವಚ್ಛ, ಮತ್ತು ತಾಮ್ರದ ತಂತಿ ಇನ್ನು ತಿರುಗಿ ಬರುವುದೂ ಇಲ್ಲ. ಅಮ್ಮನ ಪೆಟ್ಟಿಗೆಗೆ ಈಗ ಒಂದು ಸಣ್ಣ ಬ್ಯಾಟರಿ ಜೋಡಿಸಿದ್ದೇನೆ. ಸಾದಾ ಮೊಬೈಲು ಅವರ ತಲೆದಿಂಬಿನ ಹತ್ತಿರ ಇರುತ್ತದೆ. ಕರೆಂಟು ಬಹಳ ಹೊತ್ತು ಬಾರದಿದ್ದರೆ ಟವರೂ ಮಲಗುತ್ತದೆ, ನಿಜ. ಆದರೂ ಒಂದರ ಬದಲು ಎರಡು ದಾರಿಗಳಾದವು.

ಪಂಕ್ತಿಯ ಆ ಮಿತ್ರರಲ್ಲಿ ನನ್ನದೊಂದೇ ವಿನಂತಿ: ಮುಂದಿನ ಸಲ ಊರಿಗೆ ಹೋದಾಗ ಒಂದು ರಾತ್ರಿ ಮೇನ್ ಸ್ವಿಚ್ ಆರಿಸಿ, ‘ಅಮ್ಮಾ, ಈಗ ನನಗೊಂದು ಫೋನು ಮಾಡಿ’ ಎಂದು ಹೇಳಿ, ಅಂಗಳದಲ್ಲಿ ನಿಂತು ಕಾಯಲಿ.