ಪರದೇಶದ ಪಾಠ ಯಾರ ಪಾಲಿಗೆ?

ಯೂರೋಪಿನ ರಾಷ್ಟ್ರಗಳು 1987ರಲ್ಲಿ ‘ಎರಾಸ್ಮಸ್’ ಯೋಜನೆಯನ್ನು ಆರಂಭಿಸಿದುವು. ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ನೆರೆದೇಶಗಳಿಗೆ ಹೋಗಿ ಓದಿದರು. ಅಂದಿನಿಂದ ಲಕ್ಷಾಂತರ ಮಂದಿ ಹೋಗಿಬಂದಿದ್ದಾರೆ. ಅರ್ಧ ವರ್ಷ ಪರದೇಶದ ವಿಶ್ವವಿದ್ಯಾಲಯದಲ್ಲಿ ಕಲಿತರೆ ಅಲ್ಲಿ ಬೋಧನಾ ಶುಲ್ಕವಿಲ್ಲ. ಅಲ್ಲಿ ಪಾಸಾದ ಪಾಠಗಳನ್ನು ತವರಿನ ವಿದ್ಯಾಲಯ ಲೆಕ್ಕಕ್ಕೆ ಹಿಡಿಯುತ್ತದೆ. ಎರಡು ಮಹಾಯುದ್ಧಗಳಲ್ಲಿ ಪರಸ್ಪರ ಕೊಂದವರ ಸಂತತಿ ಇಂದು ಒಂದೇ ಬೆಂಚಿನಲ್ಲಿ ಕೂಡುವುದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ.

ಆದರೆ ಶುಲ್ಕ ಬಿಟ್ಟಮಾತ್ರಕ್ಕೆ ಹೊಟ್ಟೆ ತುಂಬೀತೆ? ಬಾಡಿಗೆ, ಊಟಗಳಿಗೆಂದು ಕೊಡುವ ಸಹಾಯಧನ ಅನೇಕ ನಗರಗಳಲ್ಲಿ ಸಾಲದು. ಉಳಿದುದನ್ನು ತಂದೆಯ ಜೇಬೇ ತುಂಬಬೇಕು. ದುಡಿದು ಓದುವವನು ಇದ್ದ ಕೆಲಸವನ್ನೂ ಬಿಡಬೇಕು. ಹೀಗಾಗಿ ಬಾಗಿಲು ತೆರೆದಿದ್ದರೂ ಕೂಲಿಕಾರನ ಮಗನೂ ಚಿಲ್ಲರೆ ಅಂಗಡಿಯವನ ಮಗಳೂ ಹೊಸಿಲಲ್ಲೇ ನಿಲ್ಲಬೇಕಾಗುತ್ತದೆ. ಇದನ್ನು ಮನಗಂಡೇ 2021ರಿಂದೀಚಿನ ನಿಯಮಗಳಲ್ಲಿ ಬಡತನವೇ ಮೊದಲಾದ ಅಡಚಣೆಯುಳ್ಳ ವಿದ್ಯಾರ್ಥಿಗಳಿಗೆ ತಿಂಗಳಿಗೆ 250 ಯೂರೋ ಹೆಚ್ಚಿಗೆ ಗೊತ್ತುಮಾಡಲಾಯಿತು. ಕಸುಬು ಕಲಿಯುವ ಅಪ್ರೆಂಟಿಸರಿಗೂ ಯೋಜನೆಯಲ್ಲಿ ಪಾಲಿದೆ. ಇದು ದಾನವಲ್ಲ, ನ್ಯಾಯ.

ನಾವು ಹೇಳುವುದಿಷ್ಟೆ: ಅವಕಾಶವನ್ನು ಕಾಗದದಲ್ಲಿ ಬರೆದಿಟ್ಟರೆ ಸಾಲದು, ಅದನ್ನು ಬಳಸಿಕೊಳ್ಳುವ ಖರ್ಚನ್ನೂ ಸಮಾಜವೇ ಹೊರಬೇಕು. ಇಂಥ ಯೋಜನೆಗೆ ಕೈಹಾಕುವ ಯಾವ ಸರಕಾರವೇ ಆಗಲಿ, ಈ ಲೆಕ್ಕವನ್ನು ಮೊದಲು ಹಾಕಲಿ.