ಮರುಕ ಸಾಲದು, ಚಂದಾ ಬೇಕು

ದೇಶ ಬಿಟ್ಟ ಪತ್ರಕರ್ತರೆಂದರೆ ಮರುಗುವವರಿಗೇನೂ ಬರವಿಲ್ಲ. ಬರವಿರುವುದು ಹಣಕ್ಕೆ. ರಷ್ಯದ ‘ಮೆಡೂಜಾ’ವನ್ನೇ ನೋಡಿ. 2014ರಲ್ಲಿ ಮಾಸ್ಕೋದ ‘ಲೆಂತಾ’ ಸುದ್ದಿತಾಣದ ಸಂಪಾದಕಿ ಗಲೀನಾ ತಿಮ್ಚೆಂಕೊ ಅವರನ್ನು ಕೆಲಸದಿಂದ ತೆಗೆದರು. ಅವರು ಸಂಗಡಿಗರೊಡನೆ ಲಾಟ್ವಿಯದ ರೀಗಾ ನಗರ ಸೇರಿ ಈ ಹೊಸ ಪತ್ರಿಕೆ ಕಟ್ಟಿದರು. 2021ರಲ್ಲಿ ರಷ್ಯ ಸರಕಾರ ಅದಕ್ಕೆ ‘ವಿದೇಶೀ ಏಜೆಂಟ’ನೆಂಬ ಪಟ್ಟ ಕಟ್ಟಿತು, ಜಾಹೀರಾತು ಕೊಡುತ್ತಿದ್ದವರು ಕಾಲ್ತೆಗೆದರು, ಓದುಗರು ಕೈಹಿಡಿದರು. 2022ರ ಮಾರ್ಚಿಯಲ್ಲಿ, ಯುಕ್ರೇನಿನ ಮೇಲೆ ದಂಡೆತ್ತಿದ ಕೆಲವೇ ದಿನಗಳಲ್ಲಿ, ಸೈನ್ಯದ ವಿಷಯವಾಗಿ ‘ಸುಳ್ಳು’ ಬರೆದವರಿಗೆ 15 ವರ್ಷದವರೆಗೆ ಸೆರೆಯೆಂಬ ಕಾನೂನು ಬಂತು. (ಯಾವುದು ಸುಳ್ಳೆಂದು ಹೇಳುವವರೂ ಸರಕಾರದವರೇ ಎನ್ನಿ.) 2023ರ ಜನವರಿಯಲ್ಲಿ ಪತ್ರಿಕೆಯನ್ನು ‘ಅನಪೇಕ್ಷಿತ ಸಂಸ್ಥೆ’ಯೆಂದು ಸಾರಿದರು. ಅಲ್ಲಿಂದೀಚೆಗೆ ರಷ್ಯದೊಳಗಿನ ಓದುಗ ಅದಕ್ಕೆ ಹತ್ತು ರೂಬಲ್ ಕೊಟ್ಟರೂ ಅಪರಾಧಿ.

ಪತ್ರಿಕೆಯ ಕೊರಳು ಹಿಸುಕುವ ಉಪಾಯ ಇದೇ: ಬರೆಯುವವನನ್ನು ಗಡಿಯಾಚೆ ಅಟ್ಟುವುದು, ಓದುವವನ ಕಿಸೆಗೆ ಬೀಗ ಹಾಕುವುದು.

“ಊರು ಬಿಟ್ಟವರಿಗೆ ಊರಿನ ಸುದ್ದಿ ಏನು ಗೊತ್ತು?” ಎಂಬ ಜಾಣರುಂಟು. ಊರಲ್ಲೇ ಉಳಿದು ಬರೆಯಲು ಬಿಟ್ಟಿದ್ದರೆ ಇವರು ಊರನ್ನೇಕೆ ಬಿಡುತ್ತಿದ್ದರು, ಸ್ವಾಮಿ?

ಆಶ್ರಯವೆಂಬುದೂ ಸುಲಭದ್ದಲ್ಲ. ‘ದೋಝ್ದ್’ ಟೆಲಿವಿಷನ್ನಿನವರು ರೀಗಾಕ್ಕೆ ಓಡಿಬಂದರು. ನಿರೂಪಕನೊಬ್ಬನ ಮಾತಿನಿಂದೆದ್ದ ಗದ್ದಲದ ಬೆನ್ನಿಗೆ, 2022ರ ಡಿಸೆಂಬರಿನಲ್ಲಿ, ಲಾಟ್ವಿಯವೇ ಅವರ ಪರವಾನಗಿ ಕಿತ್ತುಕೊಂಡಿತು. ಮತ್ತೆ ಗಂಟುಮೂಟೆ ಕಟ್ಟಿ ಆಮ್‌ಸ್ಟರ್‌ಡಾಮಿಗೆ!

ಮೆಡೂಜಾಕ್ಕೆ ಇಂಗ್ಲಿಷ್ ಆವೃತ್ತಿಯೂ ಇದೆ. ಅದನ್ನು ಬಿಟ್ಟಿ ಓದಿ “ಅಯ್ಯೋ ಪಾಪ” ಎನ್ನುವವರು ತಿಂಗಳಿಗೆರಡು ಹೋಟೆಲು ಕಾಫಿಯ ಹಣವನ್ನು ಇಂಥ ಪತ್ರಿಕೆಗಳಿಗೆ ಕಳುಹಿಸಲಿ. ರಷ್ಯದೊಳಗಿನವನು ಕೊಡಲಾರದ ಚಂದಾ ಅದು.