ಇನ್ನೊಬ್ಬರ ಮನೆಗೆ ಇಟ್ಟಿಗೆ ಹೊರುವುದು

2006ರ ಅಕ್ಟೋಬರ್ ಕೊನೆಯಲ್ಲಿ, ಲೋಣಾವಳದ ಬಳಿಯ ಮಳವಲಿಯಲ್ಲಿ ಬಡ ಕುಟುಂಬಗಳಿಗಾಗಿ ನೂರು ಮನೆಗಳ ಕೆಲಸ ನಡೆಯಿತು. ಅಲ್ಲಿ ಗೋಡೆ ಕಟ್ಟಲು ನಿಂತವರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ, 82 ವರ್ಷದ ಜಿಮ್ಮಿ ಕಾರ್ಟರ್ ಇದ್ದರು, ಅವರ ಪತ್ನಿ ರೋಸಲಿನ್ ಇದ್ದರು, ನಟ ಬ್ರಾಡ್ ಪಿಟ್ ಬಂದಿದ್ದರು. ದೂರದ ದೇಶಗಳಿಂದ ವಿಮಾನ ಹತ್ತಿ ಬಂದ ನೂರಾರು ಸ್ವಯಂಸೇವಕರೂ ಇದ್ದರು. ಕೆಲಸ ಮಾಡಿಸಿದ್ದು ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಎಂಬ ಸಂಸ್ಥೆ. ಮನೆ ಸಿಕ್ಕವರಿಗೆ ಸಿಕ್ಕಿದ್ದು ಗಟ್ಟಿ ಗೋಡೆಯ ಮನೆಯೇ, ಅದರಲ್ಲಿ ತಕರಾರಿಲ್ಲ. ಆದರೆ ಇಟ್ಟಿಗೆ ಹೊರುವ ಕೈಗಳಿಗೆ ಆ ಸೀಮೆಯಲ್ಲಿ ಎಂದಾದರೂ ಬರ ಬಂದಿತ್ತೇ?

ಇಷ್ಟು ಕೇಳಿ ಸುಮ್ಮನಾಗಿಬಿಟ್ಟರೆ ಅನ್ಯಾಯವಾಗುತ್ತದೆ. ಈ ಪದ್ಧತಿ ಹುಟ್ಟಿದ್ದು ಪ್ರವಾಸಿಗಳ ಪುಣ್ಯಕಾರ್ಯವಾಗಿ ಅಲ್ಲ. ಅಮೆರಿಕದ ಜಾರ್ಜಿಯಾದಲ್ಲಿ 1942ರಲ್ಲಿ ಕ್ಲಾರೆನ್ಸ್ ಜೋರ್ಡನ್ ಮತ್ತು ಸಂಗಡಿಗರು ಕೊಯ್ನೋನಿಯಾ ಎಂಬ ಕೂಡುಬಾಳ್ವೆಯ ಜಮೀನು ಶುರು ಮಾಡಿದರು. ಕಪ್ಪು ಜನರೂ ಬಿಳಿಯರೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರು. ಆ ಕಾಲದ ಆ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಐವತ್ತರ ದಶಕದಲ್ಲಿ ಅವರ ಮೇಲೆ ಗುಂಡು ಹಾರಿದವು, ಊರಿನ ಅಂಗಡಿಗಳು ಅವರೊಂದಿಗೆ ವ್ಯಾಪಾರ ನಿಲ್ಲಿಸಿದವು. ಅದೇ ಜಮೀನಿನಲ್ಲಿ, 1968ರ ಹೊತ್ತಿಗೆ, ಸುತ್ತಲಿನ ಬಡ ಗೇಣಿದಾರರಿಗೆ ಲಾಭವಿಲ್ಲದೆ, ಬಡ್ಡಿಯಿಲ್ಲದೆ ಮನೆ ಕಟ್ಟಿಕೊಡುವ ಯೋಚನೆ ಮೊಳೆಯಿತು. ಅದನ್ನು ಬೆಳೆಸಿ 1976ರಲ್ಲಿ ಹ್ಯಾಬಿಟಾಟ್ ಸಂಸ್ಥೆ ಕಟ್ಟಿದವರು ಮಿಲಾರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ. ಭಾರತಕ್ಕೆ ಅದು 1983ರಲ್ಲೇ ಬಂತು, ಇಂದಿನ ತೆಲಂಗಾಣದ ಖಮ್ಮಂ ಮೂಲಕ.

ಹ್ಯಾಬಿಟಾಟ್ ಮನೆಯನ್ನು ದಾನವಾಗಿ ಕೊಡುವುದಿಲ್ಲ. ಕುಟುಂಬ ಸಾಲ ಪಡೆದು ಕಂತು ಕಟ್ಟುತ್ತದೆ, ಆ ಕಂತಿನ ಹಣ ಮುಂದಿನ ಮನೆಗೆ ಹೋಗುತ್ತದೆ. ಜೊತೆಗೆ ಕುಟುಂಬದವರೇ ನೂರಾರು ಗಂಟೆ ದುಡಿಯಬೇಕು. ತಮ್ಮ ಮನೆಗೆ ಮಾತ್ರವಲ್ಲ, ಇನ್ನೊಬ್ಬರ ಮನೆಗೂ. ನಮ್ಮ ಮಲೆನಾಡಿನ, ಹಳೇ ಮೈಸೂರಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಟಿಗೆ, ಕೊಯ್ಲಿಗೆ, ಮನೆಗೆ ಹುಲ್ಲು ಹೊದಿಸಲು ಮುಯ್ಯಾಳು ಕರೆಯುತ್ತಿದ್ದ ಕಾಲದಲ್ಲಿ ಇವತ್ತು ನೀವು ನಮ್ಮ ಗದ್ದೆಗೆ ಬಂದರೆ ನಾಳೆ ನಾವು ನಿಮ್ಮ ಗದ್ದೆಗೆ ಬರುವುದು ರೂಢಿ. ಬಂದವರಿಗೆ ಊಟ ಹಾಕಬೇಕು, ಮುಯ್ಯಿ ತೀರಿಸಬೇಕು. ತೀರಿಸಬಹುದಾದ್ದರಿಂದಲೇ ಯಾರೂ ಯಾರ ಮುಂದೆಯೂ ತಲೆ ತಗ್ಗಿಸಬೇಕಿರಲಿಲ್ಲ. ಸ್ವಯಂಸೇವೆಯ ಪರವಾಗಿ ನನಗೆ ಕಾಣುವ ಅತ್ಯಂತ ಬಲವಾದ ಮಾತು ಇದೇ. ಅಮೆರಿಕದ ಒಂದು ಊರಿನಲ್ಲಿ ಶನಿವಾರ ಬೆಳಿಗ್ಗೆ ಶಾಲಾ ಶಿಕ್ಷಕಿಯೊಬ್ಬರು ಬಂದು, ತನ್ನದೇ ಊರಿನ ಕುಟುಂಬದ ಜೊತೆ ಗೋಡೆಗೆ ಹಲಗೆ ಹೊಡೆದರೆ, ಆ ಮುಯ್ಯಿ ಊರೊಳಗೇ ಉಳಿಯುತ್ತದೆ. ಅಲ್ಲಿ ಕೂಲಿ ದುಬಾರಿ, ಹಾಗಾಗಿ ಬಿಟ್ಟಿ ದುಡಿಮೆಯಿಂದ ಮನೆಯ ಬೆಲೆ ನಿಜವಾಗಿಯೂ ಇಳಿಯುತ್ತದೆ.

ಇದೇ ಶಿಕ್ಷಕಿ ಸಮುದ್ರ ದಾಟಿದಾಗ ಲೆಕ್ಕ ಬದಲಾಗುತ್ತದೆ. 1968ರಲ್ಲಿ, ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ, ಸೇವೆಗೆಂದು ಬರುವ ಅಮೆರಿಕದ ವಿದ್ಯಾರ್ಥಿಗಳ ಸಭೆಯಲ್ಲಿ ಚಿಂತಕ ಇವಾನ್ ಇಲಿಚ್ ಆ ವಿದ್ಯಾರ್ಥಿಗಳ ಮುಖಕ್ಕೇ ಹೇಳಿದರು: ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧಾರ ಮಾಡಲು ಮಾತ್ರ ಬರಬೇಡಿ. ಮಾತು ಒರಟು, ಆದರೆ ಅದನ್ನು ಒರೆಗೆ ಹಚ್ಚಿ ನೋಡುವ ಸಂದರ್ಭವೂ ಬಂತು. ಮೂವತ್ತು ವರ್ಷದ ಮೇಲೆ, 1998ರಲ್ಲಿ ಮಿಚ್ ಚಂಡಮಾರುತ ಹೊಂಡುರಾಸನ್ನು ಧ್ವಂಸ ಮಾಡಿತು. ಮನೆ ಕಳೆದುಕೊಂಡವರಿಗೆ ಕೆಲವೆಡೆ ಉತ್ತರ ಅಮೆರಿಕದ ತಂಡಗಳು ಕಟ್ಟಿಕೊಟ್ಟವು, ಕೆಲವೆಡೆ ಸ್ಥಳೀಯ ಸಂಸ್ಥೆಗಳು. ಕರ್ಟ್ ವರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞ ಎರಡನ್ನೂ ಹೋಲಿಸಿ ನೋಡಿದರು. ಮನೆ ಪಡೆದವರ ಬದುಕಿನಲ್ಲಿ, ಕಟ್ಟಿದವರು ಯಾರು ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಒಂದೊಂದು ತಂಡದ ಪ್ರಯಾಣದ ಖರ್ಚು ಮಾತ್ರ ಒಂದು ಮನೆಯ ಖರ್ಚಿನ ಹಲವು ಪಟ್ಟು. ಆ ಹಣವನ್ನೇ ಕಳಿಸಿದ್ದರೆ ಎಷ್ಟು ಮನೆ ಏಳುತ್ತಿದ್ದವು ಎಂದು ಅಲ್ಲಿನವರು ಕೇಳಿದರೆ ಅದು ಕೃತಘ್ನತೆಯಲ್ಲ. ಬಂದು ಹೋದವರ ಮನಸ್ಸಾದರೂ ಬದಲಾಗುತ್ತದೆ, ಮುಂದೆ ಜಾಸ್ತಿ ಕೊಡುತ್ತಾರೆ ಎಂಬ ಸಮರ್ಥನೆಗೂ ಆ ಅಧ್ಯಯನದಲ್ಲಿ ದೊಡ್ಡ ಆಧಾರ ಸಿಗಲಿಲ್ಲ.

ಕೆಲಸದ ಗುಣಮಟ್ಟದ ಮಾತೂ ಇದೆ. ತೂಗುಗುಂಡು ಬಿಟ್ಟು ವರಸೆ ನೋಡುವುದು, ಗಾರೆಯನ್ನು ಹದವಾಗಿ ಕಲಸುವುದು, ಸಾರುವೆಯ ಮೇಲೆ ಕಾಲು ಊರುವುದು ವರ್ಷಗಳ ಕಲಿಕೆ. ಹೊಸಬರು ಹತ್ತು ಜನ ಬಂದರೆ ಮೇಸ್ತ್ರಿ ತನ್ನ ಕೆಲಸ ಬಿಟ್ಟು ಅವರನ್ನು ಕಾಯಬೇಕು. ಸೊಟ್ಟಗೆ ಎದ್ದ ಗೋಡೆಯನ್ನು ಒಡೆದು ಮತ್ತೆ ಕಟ್ಟಬೇಕು. ಸಾರುವೆಯಂತೂ ನುರಿತವರೂ ಬೀಳುವ ಜಾಗ. ಆದರೆ ಮಣ್ಣು ಕಲಸುವ, ಇಟ್ಟಿಗೆ ಸಾಲಾಗಿ ಕೈಯಿಂದ ಕೈಗೆ ದಾಟಿಸುವ, ಗೋಡೆಗೆ ನೀರುಣಿಸುವ ಕೆಲಸಕ್ಕೆ ಯಾರಾದರೂ ಆದೀತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಎಸ್. ಜಗದೀಶ್ ಮತ್ತು ಜೊತೆಗಾರರು ಬೆಳೆಸಿದ, ಸುಡದೆ ಒತ್ತಿ ಮಾಡುವ ಮಣ್ಣಿನ ಇಟ್ಟಿಗೆಯ ಪದ್ಧತಿ ಇಂಥ ಕೈಗಳಿಗೂ ಕೆಲಸ ಕೊಡಬಲ್ಲದು.

ಆದರೆ ನಮ್ಮಲ್ಲಿ ಆ ಕೈಗಳು ಈಗಾಗಲೇ ಇವೆ. ಬೆಂಗಳೂರಿನ ಬಡಾವಣೆಗಳ ವೃತ್ತಗಳಲ್ಲಿ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಕೆಲಸ ಸಿಕ್ಕೀತೇ ಎಂದು ನಿಲ್ಲುವ ಗಾರೆಯವರು, ಕೈಯಾಳುಗಳು, ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದು ತಗಡಿನ ಶೆಡ್ಡುಗಳಲ್ಲಿ ಸಂಸಾರ ಹೂಡಿದವರು. ಇವರ ಕಣ್ಣೆದುರು, ಕಂಪನಿಯ ಟೀ ಶರ್ಟು ತೊಟ್ಟ ಐವತ್ತು ಜನ ಬಿಟ್ಟಿಯಾಗಿ ಬಾಂಡ್ಲಿ ಹೊತ್ತರೆ ಯಾರಿಗೆ ಉಪಕಾರ? ಇದನ್ನು ಕೇಳುವಾಗ ನನಗೆ ಸಂಕಟವಾಗುತ್ತದೆ. ಆ ಐವತ್ತು ಜನರ ಒಳ್ಳೆಯ ಮನಸ್ಸಿನಲ್ಲಿ ನನಗೆ ಸಂಶಯವೇ ಇಲ್ಲ.

ಕುಟುಂಬವೂ ದುಡಿಯಬೇಕು ಎಂಬ ನಿಯಮವನ್ನೂ ಇಲ್ಲಿ ಹಾಗೆಯೇ ತಂದಿಡಲಾಗದು. ದಿನಗೂಲಿಯ ತಾಯಿಯೊಬ್ಬಳು ಸ್ವಂತ ಮನೆಗೆ ದುಡಿದ ದಿನ ಅವಳ ಕೂಲಿ ಹೋಗುತ್ತದೆ. 2016ರಲ್ಲಿ ರೂಪುಗೊಂಡ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಇದನ್ನು ಗುರುತಿಸಿತ್ತು. ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ ನೆರವಿನ ಜೊತೆಗೆ, ಸ್ವಂತ ಮನೆಗೆ ದುಡಿದ 90 ದಿನಗಳ ಕೂಲಿಯನ್ನು ನರೇಗಾ ಮೂಲಕ ಕೊಡುವ ವ್ಯವಸ್ಥೆ ಮಾಡಿತು. ನೆರವು ಸಾಲದೆ ಸಾಲ ಮಾಡಿದವರು, ಪ್ಲಾಸ್ಟರ್ ಕಾಣದ ಗೋಡೆಗಳ ನಡುವೆಯೇ ಒಕ್ಕಲಾದವರು ಹಳ್ಳಿಹಳ್ಳಿಯಲ್ಲಿದ್ದಾರೆ. ಹಾಗಿದ್ದರೂ ಬೆವರಿಗೆ ಕೂಲಿ ಎಂಬ ಆ ನಿಲುವು ನನಗೆ ಹೆಚ್ಚು ಗೌರವದ್ದಾಗಿ ಕಾಣುತ್ತದೆ.

ಕಾರ್ಟರ್ ದಂಪತಿಯ ಕೆಲಸ ಹಾಗಾದರೆ ವ್ಯರ್ಥವೇ? ಖಂಡಿತ ಅಲ್ಲ. 1984ರಲ್ಲಿ ಅವರು ನ್ಯೂಯಾರ್ಕಿನ ಪಾಳುಬಿದ್ದ ಕಟ್ಟಡವೊಂದರ ದುರಸ್ತಿಗೆ ಹೋಗುವವರೆಗೆ ಹ್ಯಾಬಿಟಾಟ್ ಹೆಸರು ಕೇಳಿದವರು ಕಡಿಮೆ. ಅಲ್ಲಿಂದ ಮುಂದೆ 14 ದೇಶಗಳಲ್ಲಿ 4,000ಕ್ಕೂ ಹೆಚ್ಚು ಮನೆಗಳ ಕೆಲಸದಲ್ಲಿ ಅವರಿಬ್ಬರೂ ನಿಂತರು. 2019ರಲ್ಲಿ, 95ರ ವಯಸ್ಸಿನಲ್ಲಿ, ಬಿದ್ದು ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡ ಮರುದಿನವೇ ಕಾರ್ಟರ್ ನ್ಯಾಶ್‌ವಿಲ್‌ನಲ್ಲಿ ಮನೆ ಕಟ್ಟುವ ಕೆಲಸಕ್ಕೆ ಹಾಜರಾದರು. ಬಡವರ ಮನೆಯೂ ನಾಡಿನ ದೊಡ್ಡ ವಿಷಯ ಎಂದು ಅವರ ಇರುವಿಕೆಯೇ ಸಾರಿತು, ದೇಣಿಗೆ ಹರಿಯಿತು. ಅವರು ಹೊಡೆದ ಮೊಳೆಗಳಿಗಿಂತ ಇದು ದೊಡ್ಡದು. ಅದೇ ವರ್ಷ ಸಂಸ್ಥೆಯು ವಸತಿಯ ಕಾನೂನು, ನೀತಿಗಳನ್ನು ಬದಲಿಸಲು ಅಮೆರಿಕದಲ್ಲಿ ಅಭಿಯಾನವನ್ನೇ ಶುರು ಮಾಡಿತು. ಸುತ್ತಿಗೆಯೊಂದರಿಂದಲೇ ಆಗುವ ಕೆಲಸ ಇದಲ್ಲ ಎಂಬುದು ಸಂಸ್ಥೆಗೂ ಮನದಟ್ಟಾಗಿರಬೇಕು.

ಹಾಗಾಗಿ ತಮ್ಮೂರಿನಲ್ಲಿ, ತಾವು ಮತ್ತೆ ಮತ್ತೆ ಹೋಗಬಲ್ಲ ಜಾಗದಲ್ಲಿ, ಮನೆಯವರ ಜೊತೆ ಕೂತು ಉಂಡು ದುಡಿಯುವವರ ಪರವಾಗಿ ನಾನಿದ್ದೇನೆ. ವಿಮಾನದ ಟಿಕೆಟಿಗೆ ಹಣ ಕೂಡಿಸಿದವರು ಅದನ್ನು ಅಲ್ಲಿನ ಮೇಸ್ತ್ರಿಗಳ ಕೂಲಿಗೆ ಕಳಿಸಲಿ. ಕಂಪನಿಯ ಜೊತೆ ಒಂದು ದಿನದ ಮಟ್ಟಿಗೆ ಹೊರಟವರು ಬಾಂಡ್ಲಿ ಮುಟ್ಟುವ ಮೊದಲು ಮೇಸ್ತ್ರಿಯನ್ನು ಕೇಳಲಿ: ಇವತ್ತು ಈ ಬಾಂಡ್ಲಿ ಹೊರಬೇಕಿದ್ದವರು ಯಾರು, ಅವರ ಇವತ್ತಿನ ಕೂಲಿ ಅವರ ಕೈಸೇರಿತೇ?